ಉಸಿರು ಕಟ್ಟಿದ ಹೃದ್ರೋಗಿಗೆ ಆಸ್ಪತ್ರೆ ಸೇರುವ ಮೊದಲು ಮಾಡತಕ್ಕ ಆರೈಕೆ

ಮನುಷ್ಯನ ಹೃದಯವು ನೋಡುವುದಕ್ಕೆ ಒಂದೇ ಅಂಗವಾದರೂ ಎರಡು ಪಂಪುಗಳ ಕೆಲಸವನ್ನು ಮಾಡುತ್ತಿರುತ್ತದೆ. ಬಲಭಾಗವು ದೇಹವನ್ನು ಸುತ್ತಿ ಬಂದ ರಕ್ತವನ್ನು ಶ್ವಾಸಕೋಶಗಳಿಗೆ ಕಳುಹಿಸುತ್ತದೆ. ಎಡಭಾಗವು ಅಲ್ಲಿ ಶುದ್ಧವಾದ ರಕ್ತವನ್ನು ಸರ್ವಾಂಗಗಳಿಗೂ ತಳ್ಳುತ್ತದೆ. ಎಡಭಾಗವು ಸೋತು ಬಲಭಾಗವು ಎಂದಿನಂತೆ ದುಡಿಯುತ್ತಿದ್ದರೆ, ರಕ್ತವು ಮುಂದಕ್ಕೆ ಹೋಗಲಾರದೆ ಶ್ವಾಸಕೋಶಗಳಲ್ಲಿ ತಡೆದು ನಿಲ್ಲುತ್ತದೆ. ಅದರ ನೀರಿನಂಶವು ಜಿನುಗಿ, ಗಾಳಿಯು ತುಂಬಬೇಕಾದ ಸಣ್ಣ ಗೂಡುಗಳನ್ನು ತುಂಬಿಬಿಡುತ್ತದೆ. ಆಗ ರೋಗಿಯು ಒಣನೆಲದ ಮೇಲಿದ್ದರೂ ಕೆರೆಯಲ್ಲಿ ಮುಳುಗುತ್ತಿರುವವನಂತೆ ಒದ್ದಾಡುತ್ತಾನೆ. ವೈದ್ಯರು ಇದನ್ನು ತೀವ್ರ ಹೃದಯವೈಫಲ್ಯವೆಂದು ಕರೆಯುತ್ತಾರೆ. ನಮ್ಮ ಹಳ್ಳಿಗಳಲ್ಲಿಯಾದರೋ ಉಸಿರಿನ ಬೇನೆಗಳಿಗೆಲ್ಲಾ ದಮ್ಮು ಎಂಬ ಒಂದೇ ಹೆಸರು.

ಈ ಬೇನೆಯು ಬಹುಮಟ್ಟಿಗೆ ರಾತ್ರಿಯ ವೇಳೆಯಲ್ಲಿ ಬರುತ್ತದೆ. ಹಗಲೆಲ್ಲಾ ಕಾಲುಗಳಲ್ಲಿ ಇಳಿದಿದ್ದ ನೀರು ರೋಗಿಯು ಮಲಗಿದ ಮೇಲೆ ಮರಳಿ ರಕ್ತವನ್ನು ಸೇರಿ, ದುರ್ಬಲವಾದ ಹೃದಯದ ಮೇಲೆ ಭಾರ ಹಾಕುವುದೇ ಇದಕ್ಕೆ ಕಾರಣ. ಒಂದೆರಡು ತಾಸು ನಿದ್ರಿಸಿದವನು ಥಟ್ಟನೆ ಎದ್ದು ಕೂತು, ಕಿಟಕಿ ತೆರೆಯಿರೆಂದು ಕೇಳುತ್ತಾನೆ. ಮೈಯೆಲ್ಲಾ ತಣ್ಣನೆಯ ಬೆವರು. ಕೆಮ್ಮಿದರೆ ನೊರೆಯಂಥ ಕಫ, ಕೆಲವು ಸಾರಿ ನಸುಗೆಂಪಾದದ್ದು. ಎದೆಯಲ್ಲಿ ಸುಯ್ ಎಂಬ ಶಬ್ದವೂ ಕೇಳಬಹುದಾದ್ದರಿಂದ ಇದು ಗೂರಲೋ ಹೃದ್ರೋಗವೋ ಎಂದು ನಿರ್ಣಯಿಸುವುದು ಮನೆಯವರಿಂದ ಆಗತಕ್ಕದ್ದಲ್ಲ, ಆಗಬೇಕಾದದ್ದೂ ಇಲ್ಲ. ಯಾಕೆಂದರೆ ಮೊದಲು ಮಾಡಬೇಕಾದ ಉಪಚಾರವು ಎರಡಕ್ಕೂ ಒಂದೇ.

ಕುಂಚಾವರಂ ಗ್ರಾಮವು ಚಿಂಚೋಳಿ ತಾಲ್ಲೂಕಿನ ಅಂಚಿನಲ್ಲಿ, ತೆಲಂಗಾಣದ ಗಡಿಯ ಸಮೀಪ, ಕಾಡಿನ ಮಗ್ಗುಲಲ್ಲಿರುವ ಊರು. ಈ ಸೀಮೆಯ ಕಾಡು ೨೦೧೧ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲ್ಪಟ್ಟಿತು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದುಗಳಿಗೆ ರೈಲು ಮಾರ್ಗವಾದರೂ ಉಂಟು. ಇಲ್ಲಿಯವರಿಗೂ ಸುತ್ತಣ ತಾಂಡಾಗಳವರಿಗೂ ರಸ್ತೆಯೊಂದೇ ಗತಿ. ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಹೊಸ ಆಸ್ಪತ್ರೆಯು ೨೦೨೪ರ ಡಿಸೆಂಬರಿನಲ್ಲಿ ಉದ್ಘಾಟನೆಯಾದದ್ದು ಈ ಜಿಲ್ಲೆಗೆ ದೊಡ್ಡ ಉಪಕಾರವೇ ಸರಿ. ಆದರೆ ಉಸಿರು ಕಟ್ಟಿದವನಿಗೆ ಅದು ಬಹುದೂರ. ಆದಕಾರಣ ಮೊದಲನೆಯ ತಾಸಿನ ಶುಶ್ರೂಷೆಯು ಮನೆಯವರ ಪಾಲಿಗೇ ಬರುತ್ತದೆ. ಅಂದರೆ ಸಾಮಾನ್ಯವಾಗಿ ಮನೆಯ ಹೆಂಗಸರ ಪಾಲಿಗೆ.

ಸಂಕಟಪಡುತ್ತಿರುವವರನ್ನು ಮಲಗಿಸಿ, ನೀರು ಕುಡಿಸಿ, ಸುತ್ತಲೂ ನೆರೆದು ನಿಲ್ಲುವುದು ನಮ್ಮ ಜನರ ವಾಡಿಕೆ. ಈ ರೋಗದಲ್ಲಿ ಆ ಮೂರೂ ಅಪಾಯಕರ. ರೋಗಿಯನ್ನು ಮಂಚದ ಅಂಚಿನಲ್ಲಿ ನೆಟ್ಟಗೆ ಕುಳ್ಳಿರಿಸಿ, ಕಾಲುಗಳನ್ನು ಕೆಳಗೆ ಇಳಿಬಿಡಿಸತಕ್ಕದ್ದು. ಬೆನ್ನಿಗೆ ದಿಂಬುಗಳನ್ನಾಗಲಿ ಹಾಸಿಗೆಯ ಸುರುಳಿಯನ್ನಾಗಲಿ ಆನಿಸಬೇಕು. ಅದೂ ಇಲ್ಲವಾದರೆ ಒಬ್ಬರು ಹಿಂದೆ ಕೂತು ಒರಗಿಸಿಕೊಳ್ಳಬೇಕು. ಕಾಲು ಇಳಿಬಿಟ್ಟ ಮಾತ್ರಕ್ಕೆ ಹೃದಯಕ್ಕೆ ಮರಳುವ ರಕ್ತವು ಕಡಿಮೆಯಾಗಿ ಎದೆಯ ಭಾರವು ಕೊಂಚ ಇಳಿಯುತ್ತದೆ. ಇದಕ್ಕೆ ಕಾಸಿನ ಖರ್ಚಿಲ್ಲ. ಬಿಗಿಯಾದ ಉಡುಪನ್ನು ಸಡಿಲಿಸಿ, ಒಬ್ಬರಿಬ್ಬರ ಹೊರತು ಉಳಿದವರನ್ನು ಹೊರಗೆ ಕಳುಹಿಸಬೇಕು. ರೋಗಿಯನ್ನು ಹತ್ತು ಹೆಜ್ಜೆಯೂ ನಡೆಯಿಸಬಾರದು. ಇಬ್ಬರ ನಡುವೆ ಮೋಟಾರು ಸೈಕಲಿನ ಮೇಲೆ ಕೂರಿಸಿಕೊಂಡು ಓಡುವುದಂತೂ ಬೇಡ. ವಾಹನದವರೆಗೆ ಕುರ್ಚಿಯಲ್ಲಿ ಕೂರಿಸಿಯೇ ಹೊತ್ತೊಯ್ಯಬೇಕು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ನಮ್ಮ ಸೀಮೆಯ ಬೇಸಿಗೆ ಎಲ್ಲರೂ ಬಲ್ಲದ್ದೇ. ಬೆವತು ಬಸವಳಿದವರನ್ನು ಕಂಡ ಕೂಡಲೇ ಬಿಸಿಲು ಬಡಿಯಿತೆಂದು ಭಾವಿಸಿ ಉಪ್ಪು ಸಕ್ಕರೆ ಬೆರೆಸಿದ ನೀರನ್ನು ಕುಡಿಸುವುದುಂಟು. ಬಿಸಿಲು ಬಡಿದವನಿಗೂ ಭೇದಿಯಾದವನಿಗೂ ಅದು ಅಮೃತ. ಶ್ವಾಸಕೋಶದಲ್ಲಿ ನೀರು ನಿಂತವನಿಗೆ ಅದು ವಿಷಸಮಾನ, ಉಪ್ಪು ಮತ್ತಷ್ಟು ನೀರನ್ನು ಮೈಯಲ್ಲಿ ಹಿಡಿದಿಡುವುದರಿಂದ. ಮಲಗಲಾರೆನೆಂದು ಎದ್ದು ಕೂರುವವನಿಗೆ ಅಂಥ ನೀರನ್ನು ಕೊಡತಕ್ಕದ್ದಲ್ಲ. ಬಾಯಿ ಒಣಗಿದರೆ ತುಟಿಯನ್ನು ಒದ್ದೆ ಮಾಡಿದರೆ ಸಾಕು.

ರೋಗಿಯನ್ನು ಕುಳ್ಳಿರಿಸುತ್ತಿರುವಾಗಲೇ ಇನ್ನೊಬ್ಬರು ೧೦೮ಕ್ಕೆ ಕರೆ ಮಾಡಬೇಕು. ಈ ಸೇವೆಯು ಕರ್ನಾಟಕದಲ್ಲಿ ಆರೋಗ್ಯ ಕವಚವೆಂಬ ಹೆಸರಿನಿಂದ ೨೦೦೮ರ ನವೆಂಬರ್ ೧ರಂದು ಆರಂಭವಾಯಿತು. ತೆಲಂಗಾಣದಲ್ಲಿಯೂ ಇದೇ ಸಂಖ್ಯೆ ಇರುವುದರಿಂದ ಗಡಿಯವರು ರಾಜ್ಯ, ಜಿಲ್ಲೆ, ತಾಲ್ಲೂಕುಗಳ ಹೆಸರನ್ನು ಮೊದಲು ಹೇಳಿ, ಆಮೇಲೆ ಊರಿನ ಇಲ್ಲವೆ ತಾಂಡಾದ ಹೆಸರನ್ನು ಹೇಳುವುದು ಮೇಲು. ‘ಹುಷಾರಿಲ್ಲ’ ಎಂದರೆ ಸಾಲದು. ‘ಉಸಿರಾಡಲಾರರು, ಮಲಗಲಾರರು, ಹೃದ್ರೋಗವಿದೆ’ ಎಂದು ಬಿಡಿಸಿ ಹೇಳಬೇಕು. ರೋಗಿಯು ಎಚ್ಚರ ತಪ್ಪಿ ಉಸಿರಾಟವೂ ನಿಂತರೆ ಮಾತ್ರ ಮೇಲಿನ ನಿಯಮವು ತಲೆಕೆಳಗಾಗುತ್ತದೆ: ಆಗ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಎರಡೂ ಕೈಯಿಟ್ಟು ನಿಮಿಷಕ್ಕೆ ೧೦೦ರಿಂದ ೧೨೦ರಷ್ಟು ಸಾರಿ ಬಲವಾಗಿ ಒತ್ತುತ್ತಿರಬೇಕು.

ವಾಹನದಲ್ಲಿ ಬರುವವರು ಮಾಡುವುದನ್ನೂ ತಿಳಿದಿರುವುದು ಒಳ್ಳೆಯದು. ರಕ್ತದಲ್ಲಿ ಆಮ್ಲಜನಕದ ಪ್ರಮಾಣವು ನೂರಕ್ಕೆ ೯೦ಕ್ಕಿಂತ ಕೆಳಗಿದ್ದರೆ ಅದನ್ನು ಮುಖವಾಡದ ಮೂಲಕ ಕೊಡುತ್ತಾರೆ. ರಕ್ತದ ಒತ್ತಡದ ಮೇಲಿನ ಅಂಕೆ ೧೧೦ಕ್ಕಿಂತ ಹೆಚ್ಚಾಗಿದ್ದರೆ, ವೈದ್ಯರ ಅಪ್ಪಣೆಯ ಮೇಲೆ ನೈಟ್ರೋಗ್ಲಿಸರಿನ್ ಕೊಡಬಹುದು; ಅದು ರಕ್ತನಾಳಗಳನ್ನು ಸಡಿಲಿಸುತ್ತದೆ. ಒತ್ತಡ ಕುಸಿದವರಿಗೆ ಅದೇ ಔಷಧವು ಪ್ರಾಣಾಂತಿಕವಾಗಬಹುದಾದ್ದರಿಂದ ನೆರೆಮನೆಯವರ ಗುಳಿಗೆಯನ್ನು ನಾಲಿಗೆಯಡಿ ಇಡುವ ಸಾಹಸ ಬೇಡ. ಫ್ಯುರೋಸೆಮೈಡ್ ಎಂಬ ಔಷಧವನ್ನು ರಕ್ತನಾಳಕ್ಕೆ ಚುಚ್ಚಿ ಮೂತ್ರದ ಮೂಲಕ ನೀರನ್ನು ಇಳಿಸುತ್ತಾರೆ. ಜಪಾನಿನಲ್ಲಿ ನಡೆದು ೨೦೧೭ರಲ್ಲಿ ಪ್ರಕಟವಾದ ಪರಿಶೀಲನೆಯೊಂದರಲ್ಲಿ, ಆಸ್ಪತ್ರೆ ಸೇರಿದ ೬೦ ನಿಮಿಷದೊಳಗೆ ಈ ಔಷಧ ದೊರೆತವರಲ್ಲಿ ನೂರಕ್ಕೆ ೨.೩ ಮಂದಿಯೂ, ತಡವಾಗಿ ದೊರೆತವರಲ್ಲಿ ನೂರಕ್ಕೆ ೬ ಮಂದಿಯೂ ಆಸ್ಪತ್ರೆಯಲ್ಲಿ ತೀರಿಕೊಂಡರು. ಕೊರಿಯದ ಪರಿಶೀಲನೆಯಲ್ಲಿ ಅಂಥ ಭೇದ ಕಾಣಲಿಲ್ಲ. ಹೇಗಿದ್ದರೂ ಬೇಗ ಕೊಡುವುದರಲ್ಲಿ ನಷ್ಟವೇನೂ ತೋರದು.

ಒತ್ತಡದಿಂದ ಗಾಳಿಯನ್ನೂಡುವ ಯಂತ್ರವು ಇನ್ನೊಂದು ಸಾಧನ. ೧೯೩೬ರಲ್ಲಿ ಲಂಡನಿನ ಪೌಲ್ಟನ್ ಎಂಬ ವೈದ್ಯರು ಮನೆಯ ಧೂಳು ಹೀರುವ ಯಂತ್ರದಿಂದಲೇ ಅಂಥದ್ದನ್ನು ರಚಿಸಿ ಇದೇ ರೋಗದವರಿಗೆ ಉಪಯೋಗಿಸಿದರೆಂಬುದು ಸ್ವಾರಸ್ಯವಾದ ಸಂಗತಿ. ಬ್ರಿಟನ್ನಿನಲ್ಲಿ ೧,೦೬೯ ರೋಗಿಗಳ ಮೇಲೆ ನಡೆದು ೨೦೦೮ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಇದರಿಂದ ಏದುಸಿರು ಬೇಗ ಇಳಿಯಿತು. ಮರಣಗಳು ಮಾತ್ರ ಕಡಿಮೆಯಾಗಲಿಲ್ಲ. ಎಲ್ಲ ವಾಹನಗಳಲ್ಲಿಯೂ ಇದು ಇದ್ದೇ ಇರುವುದೆಂದು ನಂಬಿಕೊಳ್ಳಬಾರದು.

ಹೃದ್ರೋಗವೆಂದರೆ ಮುದುಕರ ಬೇನೆ ಎಂಬ ಎಣಿಕೆ ನಮ್ಮಲ್ಲಿ ಬೇರೂರಿದೆ. ಹೆಣ್ಣುಮಕ್ಕಳ ತಾಯ್ತಂದೆಗಳಾದರೂ ಅದನ್ನು ಬಿಡಬೇಕು. ಐದರಿಂದ ಹದಿನೈದು ವರ್ಷದ ಮಕ್ಕಳಿಗೆ ಬರುವ ಒಂದು ಬಗೆಯ ಗಂಟಲು ಬೇನೆಯನ್ನು ಅಲಕ್ಷ್ಯಮಾಡಿದರೆ, ಕೆಲವರಿಗೆ ಕೆಲವು ವಾರಗಳಲ್ಲಿ ಕೀಲುನೋವಿನ ಜ್ವರ ಬಂದು, ಹೃದಯದ ಕವಾಟವು ಗಾಯಗೊಂಡು, ವರ್ಷಗಳು ಕಳೆದಂತೆ ಕಿರಿದಾಗುತ್ತದೆ. ಹುಡುಗಿಯು ಶಾಲೆ ಮುಗಿಸಿ, ಮದುವೆಯಾಗಿ, ಏನೂ ತಿಳಿಯದೆ ಇರುತ್ತಾಳೆ. ಗರ್ಭಿಣಿಯಾದಾಗ ಮೈಯ ರಕ್ತದ ಪ್ರಮಾಣವು ಅರ್ಧದಷ್ಟು ಹೆಚ್ಚುತ್ತದೆ; ಕಿರಿದಾದ ಬಾಗಿಲಲ್ಲಿ ಅಷ್ಟು ರಕ್ತವು ಹಾಯಲಾರದೆ ಶ್ವಾಸಕೋಶದಲ್ಲಿ ನೀರು ನಿಲ್ಲುತ್ತದೆ. ಹೆರಿಗೆಯ ಹೊತ್ತೂ ಅದರ ಮರುದಿನವೂ ಬಹಳ ಗಂಡಾಂತರದವು. ಕವಾಟಗಳು ಸರಿಯಾಗಿದ್ದರೂ, ಗರ್ಭದ ಕೊನೆಯ ತಿಂಗಳಿಂದ ಹೆರಿಗೆಯಾದ ಐದು ತಿಂಗಳ ತನಕ ಹೃದಯದ ಸ್ನಾಯುವೇ ಬಲಗುಂದುವ ಮತ್ತೊಂದು ರೋಗವುಂಟು. ಬಾಣಂತಿಯು ಮಲಗಿದರೆ ಉಸಿರು ಕಟ್ಟುತ್ತದೆಂದು ಹೇಳಿದರೆ ‘ಬಾಣಂತನದ ಸುಸ್ತು’ ಎಂದು ತಳ್ಳಿಹಾಕುವ ಅತ್ತೆಯರು ಇಂದಿಗೂ ಇದ್ದಾರೆ. ಅವಳನ್ನೂ ಕುಳ್ಳಿರಿಸಿರಿ, ಅವಳಿಗಾಗಿಯೂ ೧೦೮ಕ್ಕೆ ಕರೆ ಮಾಡಿರಿ. ಕೀಲುನೋವಿನ ಜ್ವರ ಬಂದಿದ್ದ ಬಾಲಕಿಗೆ ವೈದ್ಯರು ಹೇಳಿದ ಪೆನಿಸಿಲಿನ್ ಚುಚ್ಚುಮದ್ದನ್ನು ಮೂರು ನಾಲ್ಕು ವಾರಗಳಿಗೊಮ್ಮೆ ತಪ್ಪದೆ ಹಾಕಿಸತಕ್ಕದ್ದು. ಮೈ ನೆಟ್ಟಗಾಯಿತೆಂದು ನಡುವೆ ನಿಲ್ಲಿಸಬಾರದು.

ಒಮ್ಮೆ ಈ ರೋಗ ಬಂದವರ ಮನೆಯಲ್ಲಿ ಅವರ ಗುಳಿಗೆಗಳನ್ನೂ ಆಸ್ಪತ್ರೆಯ ಚೀಟಿಗಳನ್ನೂ ಒಂದೇ ಚೀಲದಲ್ಲಿಟ್ಟು ಬಾಗಿಲ ಬಳಿಯ ಗೂಟಕ್ಕೆ ತೂಗುಹಾಕಿರಬೇಕು. ವಾಹನ ಬಂದಾಗ ಹುಡುಕುತ್ತ ಕೂರುವಂತಾಗಬಾರದು. ನಮ್ಮ ಜೋಳದ ರೊಟ್ಟಿಯಲ್ಲಿ ಉಪ್ಪಿನ ದೋಷವಿಲ್ಲ. ಅದರ ಜೊತೆಗೆ ಬಡಿಸುವ ಉಪ್ಪಿನಕಾಯಿ, ಚಟ್ನಿ, ಹಪ್ಪಳಗಳಲ್ಲಿದೆ. ಮೈಕೈ ನೋವಿಗೆಂದು ಅಂಗಡಿಯಲ್ಲಿ ಕೊಳ್ಳುವ ಗುಳಿಗೆಗಳಲ್ಲಿ ಅನೇಕವು ನೀರನ್ನು ಮೈಯಲ್ಲಿ ನಿಲ್ಲಿಸುವುದರಿಂದ ಅವನ್ನು ವೈದ್ಯರನ್ನು ಕೇಳದೆ ಕೊಡಕೂಡದು. ಪ್ರತಿದಿನ ಬೆಳಿಗ್ಗೆ ತೂಕ ನೋಡುವುದು ಒಳ್ಳೆಯದು. ಮೂರು ದಿನಗಳಲ್ಲಿ ಎರಡು ಕಿಲೋ ಹೆಚ್ಚಿದರೆ, ಕಾಲು ಬಾತರೆ, ಇಲ್ಲವೆ ಒಂದು ದಿಂಬಿನಲ್ಲಿ ಮಲಗುತ್ತಿದ್ದವರು ಮೂರು ದಿಂಬು ಕೇಳತೊಡಗಿದರೆ, ರಾತ್ರಿಯಾಗುವ ತನಕ ಕಾಯದೆ ಅದೇ ಹಗಲಿನಲ್ಲಿ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯತಕ್ಕದ್ದು.