ಬೇಸಾಯಗಾರರಿಗೆ ವೃದ್ಧಾಪ್ಯದಲ್ಲಿಯೂ ಅಂಗಹಾನಿಯಲ್ಲಿಯೂ ದೊರೆಯತಕ್ಕ ಸರ್ಕಾರಿ ಪಿಂಚಣಿಗಳು

ಸರ್ಕಾರಿ ನೌಕರನಿಗೆ ನಿವೃತ್ತಿಯ ದಿನವು ನೌಕರಿಗೆ ಸೇರಿದ ದಿವಸವೇ ಗೊತ್ತಾಗಿರುತ್ತದೆ. ಕರ್ಣಾಟಕ ಸರ್ಕಾರದ ನೌಕರನು ೬೦ ವರ್ಷ ತುಂಬಿದೊಡನೆ ಕೆಲಸದಿಂದ ಬಿಡುಗಡೆ ಹೊಂದುತ್ತಾನೆ. ಬೇಸಾಯಗಾರನಿಗಾದರೋ ಅಂತಹ ದಿನವೆಂಬುದೇ ಇಲ್ಲ. ಮೇಣಿ ಹಿಡಿಯುವ ಕೈ ಸೋತ ದಿನವೇ ಅವನ ನಿವೃತ್ತಿಯ ದಿನ. ಅದು ಕೆಲವರಿಗೆ ಎಪ್ಪತ್ತರ ಮೇಲೆ ಬರುವುದು; ಅಡಕೆಯ ಮರದಿಂದ ಬಿದ್ದು ಸೊಂಟ ಮುರಿದುಕೊಂಡವನಿಗೆ ಮೂವತ್ತರಲ್ಲಿಯೇ ಬರಬಹುದು.

ಹಿಂದಿನ ಕಾಲದಲ್ಲಿ ಇದಕ್ಕೆ ಊರಿನೊಳಗೇ ಒಂದು ಏರ್ಪಾಡಿತ್ತು. ಕಾಳಗದಲ್ಲಿ ಮಡಿದವನ ಮನೆಯವರಿಗೆ ನೆತ್ತರುಗೊಡಗೆಯೆಂದು ಭೂಮಿಯನ್ನು ಬಿಟ್ಟುಕೊಡುತ್ತಿದ್ದರೆಂಬುದು ನಮ್ಮ ನಾಡಿನ ಶಾಸನಗಳಿಂದ ತಿಳಿಯುತ್ತದೆ. ಊರಿನ ಕೆಲಸ ಮಾಡುವ ಆಯಗಾರರಿಗೆ ಸುಗ್ಗಿಯಲ್ಲಿ ಕಣದಿಂದಲೇ ಪಾಲು ಹೋಗುತ್ತಿತ್ತು. ಅವಿಭಕ್ತ ಕುಟುಂಬದಲ್ಲಿ ಮುದುಕರಿಗೂ ಕೈಲಾಗದವರಿಗೂ ಒಲೆಯ ಬಳಿ ಸ್ಥಳವಿತ್ತು. ಈಗ ಕುಟುಂಬಗಳು ಪಾಲಾಗಿವೆ, ಹಿಡುವಳಿಗಳು ತುಂಡಾಗಿವೆ, ಮಕ್ಕಳು ಪಟ್ಟಣ ಸೇರಿದ್ದಾರೆ. ಆದಕಾರಣ ಸರ್ಕಾರದವರು ಏರ್ಪಡಿಸಿರುವ ಪಿಂಚಣಿಗಳ ವಿವರವನ್ನು ಪ್ರತಿಯೊಬ್ಬ ಗ್ರಾಮ ಮುಖಂಡನೂ ಭೂಮಾಲೀಕನೂ ಅರಿತಿರುವುದು ಯುಕ್ತವಾಗಿದೆ. ತನಗಾಗಿ ಮಾತ್ರವಲ್ಲ, ತನ್ನ ಹೊಲದಲ್ಲಿ ದುಡಿದು ಮುದುಕರಾಗುವವರಿಗಾಗಿಯೂ ಇದು ಅವಶ್ಯಕ.

೧. ಮೂರು ಬಗೆಗಳು

ಎಲ್ಲಕ್ಕೂ ಪಿಂಚಣಿಯೆಂಬ ಒಂದೇ ಹೆಸರನ್ನು ಜನರು ಹೇಳುವುದರಿಂದ ತಿಳಿವಳಿಕೆಯಲ್ಲಿ ಗೊಂದಲವಾಗಿದೆ. ವಾಸ್ತವವಾಗಿ ಇವು ಮೂರು ಬಗೆ. ಮೊದಲನೆಯದು, ಬಡತನವನ್ನೂ ವಯಸ್ಸನ್ನೂ ಅಂಗವೈಕಲ್ಯವನ್ನೂ ನೋಡಿ ಸರ್ಕಾರದವರು ತಾವಾಗಿ ಕೊಡುವ ಸಹಾಯ. ಎರಡನೆಯದು, ರೈತನು ಪ್ರಾಯದಲ್ಲಿ ಕಂತು ಕಟ್ಟಿ ವೃದ್ಧಾಪ್ಯದಲ್ಲಿ ಪಡೆಯುವ ಪಿಂಚಣಿ. ಮೂರನೆಯದು, ಅಪಘಾತಕ್ಕೆ ಮುಂಚೆಯೇ ಮಾಡಿಸಿಟ್ಟುಕೊಳ್ಳಬೇಕಾದ ವಿಮೆ. ಮೊದಲನೆಯದಕ್ಕೆ ಕಷ್ಟ ಬಂದ ಮೇಲೆ ಅರ್ಜಿ ಕೊಡಬಹುದು. ಮಿಕ್ಕ ಎರಡಕ್ಕೆ ಕಷ್ಟ ಬರುವುದಕ್ಕೆ ಮುಂಚೆಯೇ ಸೇರಿರಬೇಕು. ಈ ಭೇದವನ್ನು ಅರಿಯದೆ, ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತೆ, ಅರವತ್ತು ತುಂಬಿದ ಮೇಲೆ ಕಂತಿನ ಪಿಂಚಣಿಯನ್ನು ವಿಚಾರಿಸಲು ಬರುವವರು ಬಹು ಮಂದಿ.

೨. ಸರ್ಕಾರದವರು ತಾವಾಗಿ ಕೊಡುವ ಸಹಾಯ

ಭಾರತ ಸರ್ಕಾರದವರು ೧೯೯೫ನೆಯ ಇಸವಿ ಆಗಸ್ಟ್ ೧೫ರಂದು ರಾಷ್ಟ್ರೀಯ ಸಾಮಾಜಿಕ ನೆರವಿನ ಕಾರ್ಯಕ್ರಮವನ್ನು ಆರಂಭಿಸಿದರು. ಅದರಲ್ಲಿ ಸೇರಿದ ವೃದ್ಧಾಪ್ಯ ಪಿಂಚಣಿಗೆ ೨೦೦೭ರಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ವೇತನವೆಂದು ಹೆಸರಾಯಿತು. ಮೊದಲು ೬೫ ವರ್ಷವಾಗಿದ್ದ ವಯೋಮಿತಿಯನ್ನು ೨೦೧೧ರಲ್ಲಿ ೬೦ಕ್ಕೆ ಇಳಿಸಲಾಯಿತು. ಬಡತನದ ರೇಖೆಗಿಂತ ಕೆಳಗಿನ ಕುಟುಂಬದವರಿಗೆ ಮಾತ್ರ ಇದು ಸಲ್ಲುತ್ತದೆ. ೬೦ರಿಂದ ೭೯ ವರ್ಷದವರೆಗೆ ಮಾಸಿಕ ೨೦೦ ರೂಪಾಯಿಯೂ, ೮೦ ವರ್ಷ ತುಂಬಿದವರಿಗೆ ೫೦೦ ರೂಪಾಯಿಯೂ ಕೇಂದ್ರದ ಪಾಲು. ಅದಕ್ಕೆ ರಾಜ್ಯ ಸರ್ಕಾರದವರು ತಮ್ಮ ಪಾಲನ್ನು ಸೇರಿಸಿ ಕೊಡುತ್ತಾರೆ.

ಕರ್ಣಾಟಕ ಸರ್ಕಾರದವರು ೨೦೦೭ರಲ್ಲಿ ಸಂಧ್ಯಾ ಸುರಕ್ಷಾ ಯೋಜನೆಯೆಂಬುದನ್ನು ಪ್ರತ್ಯೇಕವಾಗಿ ಏರ್ಪಡಿಸಿದರು. ಇದು ೬೫ ವರ್ಷ ತುಂಬಿದವರಿಗೆ. ಸಣ್ಣ ರೈತರು, ಅತಿ ಸಣ್ಣ ರೈತರು, ಕೃಷಿ ಕೂಲಿಕಾರರು, ನೇಕಾರರು, ಬೆಸ್ತರು ಮತ್ತು ಅಸಂಘಟಿತ ಕೆಲಸಗಾರರು ಇದರ ವ್ಯಾಪ್ತಿಯಲ್ಲಿದ್ದಾರೆ. ಇದರ ಮೊಬಲಗನ್ನು ೨೦೨೧ರಲ್ಲಿ ಮಾಸಿಕ ೧,೨೦೦ ರೂಪಾಯಿಗೆ ಏರಿಸಲಾಯಿತು. ಆದಾಯದ ಮಿತಿಯೊಂದು ಇದಕ್ಕೂ ಉಂಟು. ಒಬ್ಬನೇ ಮನುಷ್ಯನು ಇಂತಹ ಎರಡು ಪಿಂಚಣಿಗಳನ್ನು ಒಟ್ಟಿಗೆ ಪಡೆಯುವಂತಿಲ್ಲ. ಅರ್ಜಿಯನ್ನು ನಾಡ ಕಚೇರಿಯಲ್ಲಿ ಕೊಡಬೇಕು.

ಅಂಗವಿಕಲರ ವಿಷಯದಲ್ಲಿ ಶೇಕಡಾ ಪ್ರಮಾಣವೇ ಮುಖ್ಯ. ೨೦೦೯ರಲ್ಲಿ ಆರಂಭವಾದ ಕೇಂದ್ರದ ಪಿಂಚಣಿಯು ಬಡ ಕುಟುಂಬಕ್ಕೆ ಸೇರಿದ, ೧೮ರಿಂದ ೭೯ ವರ್ಷದೊಳಗಿನ, ಶೇಕಡಾ ೮೦ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳವರಿಗೆ ಸಲ್ಲುತ್ತದೆ; ಕೇಂದ್ರದ ಪಾಲು ಮಾಸಿಕ ೩೦೦ ರೂಪಾಯಿ. ನಮ್ಮ ರಾಜ್ಯದ ಪೋಷಣಾ ವೇತನವಾದರೋ ಶೇಕಡಾ ೪೦ರಿಂದಲೇ ಆರಂಭವಾಗುತ್ತದೆ. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿಯೂ ಇದೇ ೪೦ ಎಂಬ ಪ್ರಮಾಣವನ್ನು ಹೇಳಿದೆ. ೧೯೯೫ರ ಕಾಯಿದೆಯಲ್ಲಿ ೭ ಬಗೆಯ ವೈಕಲ್ಯಗಳನ್ನು ಮಾತ್ರ ಎಣಿಸಿದ್ದರು. ಈಗ ೨೧ ಬಗೆಗಳಿವೆ. ಕೈಕಾಲು ಕಳೆದುಕೊಂಡವರು ಮಾತ್ರ ಅಂಗವಿಕಲರೆಂಬ ಹಳೆಯ ಭಾವನೆಯನ್ನು ಬಿಡಬೇಕು. ಬುದ್ಧಿಮಾಂದ್ಯ, ದೀರ್ಘಕಾಲದ ನರರೋಗ, ಪಾರ್ಕಿನ್ಸನ್ ರೋಗ ಮೊದಲಾದವು ಕೂಡ ಇದರಲ್ಲಿ ಸೇರಿವೆ. ಪ್ರಮಾಣವನ್ನು ನಿಶ್ಚಯಿಸತಕ್ಕವರು ಸರ್ಕಾರಿ ವೈದ್ಯಾಧಿಕಾರಿಗಳೇ ಹೊರತು ಊರಿನವರಲ್ಲ. ಅವರ ಪರೀಕ್ಷೆಯಾದ ಮೇಲೆ ದೊರೆಯುವ ವಿಶಿಷ್ಟ ಗುರುತಿನ ಚೀಟಿಯು ಎಲ್ಲ ಅನುಕೂಲ್ಯಗಳಿಗೂ ಆಧಾರ.

೩. ಕಂತು ಕಟ್ಟಿ ಪಡೆಯುವ ಪಿಂಚಣಿ

ಪ್ರಧಾನ ಮಂತ್ರಿ ಕಿಸಾನ್ ಮಾನ್ ಧನ್ ಯೋಜನೆಯು ೨೦೧೯ನೆಯ ಇಸವಿ ಸೆಪ್ಟೆಂಬರ್ ೧೨ರಂದು ಆರಂಭವಾಯಿತು. ೨ ಹೆಕ್ಟೇರಿನವರೆಗೆ, ಎಂದರೆ ಸುಮಾರು ೫ ಎಕರೆಯವರೆಗೆ, ಸಾಗುವಳಿ ಭೂಮಿಯುಳ್ಳ, ೧೮ರಿಂದ ೪೦ ವರ್ಷದೊಳಗಿನ ರೈತರು ಸೇರಬಹುದು. ೨೦೧೯ರ ಆಗಸ್ಟ್ ೧ರಂದು ಭೂದಾಖಲೆಯಲ್ಲಿ ಹೆಸರಿರಬೇಕೆಂದು ನಿಯಮವಿದೆ. ರೈತನು ಎಷ್ಟು ಕಟ್ಟುತ್ತಾನೆಯೋ ಅಷ್ಟನ್ನೇ ಕೇಂದ್ರ ಸರ್ಕಾರದವರೂ ಅವನ ಹೆಸರಿಗೆ ಕಟ್ಟುತ್ತಾರೆ. ೬೦ ತುಂಬಿದ ಮೇಲೆ ಮಾಸಿಕ ೩,೦೦೦ ರೂಪಾಯಿ ಬರುತ್ತದೆ. ಹಣದ ಆಡಳಿತವು ಭಾರತೀಯ ಜೀವವಿಮಾ ನಿಗಮದ್ದು.

ಸೇರುವ ವಯಸ್ಸು ಹೆಚ್ಚಿದಷ್ಟೂ ಕಂತು ಹೆಚ್ಚುತ್ತದೆ. ಲೆಕ್ಕ ಹೀಗಿದೆ:

೧೮ನೆಯ ವಯಸ್ಸಿನಲ್ಲಿ ಸೇರಿದರೆ ತಿಂಗಳಿಗೆ ೫೫ ರೂ.; ೪೨ ವರ್ಷಗಳಲ್ಲಿ ತಾನು ಕಟ್ಟಿದ್ದು ೨೭,೭೨೦ ರೂ.
೨೯ನೆಯ ವಯಸ್ಸಿನಲ್ಲಿ ಸೇರಿದರೆ ತಿಂಗಳಿಗೆ ೧೦೦ ರೂ.; ೩೧ ವರ್ಷಗಳಲ್ಲಿ ತಾನು ಕಟ್ಟಿದ್ದು ೩೭,೨೦೦ ರೂ.
೪೦ನೆಯ ವಯಸ್ಸಿನಲ್ಲಿ ಸೇರಿದರೆ ತಿಂಗಳಿಗೆ ೨೦೦ ರೂ.; ೨೦ ವರ್ಷಗಳಲ್ಲಿ ತಾನು ಕಟ್ಟಿದ್ದು ೪೮,೦೦೦ ರೂ.

ತೀರ ತಡವಾಗಿ ಸೇರಿದವನಿಗೂ, ತಾನು ಕೈಯಿಂದ ಕಟ್ಟಿದ ಮೊಬಲಗಿನಷ್ಟು ಹಣವು ೧೬ ತಿಂಗಳ ಪಿಂಚಣಿಯಲ್ಲಿ ಹಿಂದಕ್ಕೆ ಬರುತ್ತದೆಂಬುದನ್ನು ವಾಚಕರು ಗಮನಿಸಬೇಕು. ಆದರೆ ೪೦ ವರ್ಷ ದಾಟಿದವನಿಗೆ ಈ ಬಾಗಿಲು ಮುಚ್ಚಿತು. ದುಪ್ಪಟ್ಟು ಕಟ್ಟುವೆನೆಂದರೂ ತೆರೆಯುವುದಿಲ್ಲ. ಹನಿಗೂಡಿ ಹಳ್ಳವೆಂಬ ಮಾತು ಸತ್ಯವಾದರೂ, ಮಳೆಗಾಲ ಕಳೆದ ಮೇಲೆ ಹನಿ ಎಲ್ಲಿಂದ ಬಂದೀತು?

ಪಿಂಚಣಿ ಪಡೆಯುತ್ತಿದ್ದವನು ತೀರಿಕೊಂಡರೆ ಅವನ ಹೆಂಡತಿಗೆ, ಅಥವಾ ಚಂದಾದಾರಳು ಹೆಂಗಸಾಗಿದ್ದರೆ ಗಂಡನಿಗೆ, ಅರ್ಧ, ಎಂದರೆ ೧,೫೦೦ ರೂಪಾಯಿ, ನಡೆದು ಬರುತ್ತದೆ. ಮಕ್ಕಳಿಗೆ ಸಲ್ಲುವುದಿಲ್ಲ. ೬೦ ತುಂಬುವುದಕ್ಕೆ ಮುಂಚೆ ಶಾಶ್ವತ ಅಂಗಹಾನಿಯಾಗಿ ಕಂತು ಕಟ್ಟಲಾರದವನಾದರೆ ಅವನ ಹೆಂಡತಿಯು ಕಂತನ್ನು ಮುಂದುವರಿಸಬಹುದು. ಇಲ್ಲವೆ ಕಟ್ಟಿದ ಹಣವನ್ನು ಬಡ್ಡಿಯೊಡನೆ ಹಿಂದಕ್ಕೆ ತೆಗೆದುಕೊಳ್ಳಬಹುದು. ಪಿ.ಎಂ. ಕಿಸಾನ್ ಸಹಾಯಧನ ಪಡೆಯುವವರು ಆ ಹಣದಿಂದಲೇ ಕಂತು ಮುರಿದುಕೊಳ್ಳುವಂತೆ ಒಪ್ಪಿಗೆ ಕೊಡಬಹುದು. ಸುಗ್ಗಿಯಲ್ಲಿ ಮಾತ್ರ ಕೈಯಲ್ಲಿ ಹಣ ಕಾಣುವ ರೈತನಿಗೆ ಇದು ಬಲು ಅನುಕೂಲ. ಹೆಸರನ್ನು ಸಾಮಾನ್ಯ ಸೇವಾ ಕೇಂದ್ರದಲ್ಲಿ ದಾಖಲು ಮಾಡಿಸಬೇಕು.

ಭೂಮಿಯಿಲ್ಲದ ಕೂಲಿಯವರಿಗೆ ಈ ಯೋಜನೆಯು ಸಲ್ಲದು. ಆದರೆ ಅವರಿಗಾಗಿ ಪ್ರಧಾನ ಮಂತ್ರಿ ಶ್ರಮಯೋಗಿ ಮಾನ್ ಧನ್ ಎಂಬುದು ಅದೇ ೨೦೧೯ರಲ್ಲಿ ಆರಂಭವಾಗಿದೆ. ಮಾಸಿಕ ಆದಾಯ ೧೫,೦೦೦ ರೂಪಾಯಿಗೆ ಮೀರದ, ಅದೇ ವಯಸ್ಸಿನ ಕೆಲಸಗಾರರು ಸೇರಬಹುದು. ಕಂತು, ಸರ್ಕಾರದ ಪಾಲು, ಪಿಂಚಣಿ ಎಲ್ಲವೂ ಮೇಲ್ಕಂಡಂತೆಯೇ.

೫ ಎಕರೆಗೆ ಮೀರಿದ ಭೂಮಿಯುಳ್ಳವರಿಗೆ ಅಟಲ್ ಪಿಂಚಣಿ ಯೋಜನೆಯುಂಟು. ಇದು ೨೦೧೫ರಲ್ಲಿ ಆರಂಭವಾಯಿತು. ವಯಸ್ಸು ೧೮ರಿಂದ ೪೦. ಆದಾಯ ತೆರಿಗೆ ಕಟ್ಟುವವರನ್ನು ೨೦೨೨ರ ಅಕ್ಟೋಬರ್ ೧ರಿಂದ ಸೇರಿಸಿಕೊಳ್ಳುತ್ತಿಲ್ಲ. ೧,೦೦೦ ರೂಪಾಯಿಂದ ೫,೦೦೦ ರೂಪಾಯಿವರೆಗಿನ ಮಾಸಿಕ ಪಿಂಚಣಿಯನ್ನು ಆರಿಸಿಕೊಳ್ಳಬಹುದು. ೫,೦೦೦ ರೂಪಾಯಿನ ಪಿಂಚಣಿಗೆ ೧೮ನೆಯ ವಯಸ್ಸಿನಲ್ಲಿ ಸೇರಿದವನು ತಿಂಗಳಿಗೆ ೨೧೦ ರೂಪಾಯಿ ಕಟ್ಟಿದರೆ, ೪೦ರಲ್ಲಿ ಸೇರಿದವನು ೧,೪೫೪ ರೂಪಾಯಿ ಕಟ್ಟಬೇಕು. ತೆಂಗಿನ ಸಸಿಯನ್ನು ಎಂದು ನೆಡಬೇಕೆಂಬುದನ್ನು ಬಲ್ಲ ರೈತನಿಗೆ ಇದನ್ನು ವಿವರಿಸಬೇಕಾಗಿಲ್ಲ.

ಒಂದು ಎಚ್ಚರಿಕೆಯ ಮಾತು. ಕಂತಿನ ಪಿಂಚಣಿಯ ಮೊಬಲಗು ಗೊತ್ತಾದದ್ದು. ಬೆಲೆಗಳು ಏರಿದಂತೆ ಅದು ಏರುವುದಿಲ್ಲ. ಆದ್ದರಿಂದ ಪಿಂಚಣಿಯೊಂದನ್ನೇ ನಂಬಿ ಭೂಮಿಯನ್ನು ಮಾರುವುದು ಅವಿವೇಕ. ಇದು ಊರುಗೋಲೇ ಹೊರತು ಕಾಲಲ್ಲ.

೪. ಅಪಘಾತಕ್ಕೆ ವಿಮೆ

ಬೇಸಾಯವು ಅಪಾಯವಿಲ್ಲದ ಕಸುಬೆಂದು ಪಟ್ಟಣದವರು ಭಾವಿಸುತ್ತಾರೆ. ಒಕ್ಕಣೆಯ ಯಂತ್ರ, ಮೇವು ಕತ್ತರಿಸುವ ಯಂತ್ರ, ಆಲೆಮನೆಯ ಗಾಣ, ತೆಂಗು ಅಡಕೆಯ ಮರಗಳು, ಗದ್ದೆಯ ಬದುವಿನ ಹಾವು, ಇವುಗಳನ್ನು ಬಲ್ಲ ವಾಚಕರು ಹಾಗೆ ಭಾವಿಸಲಾರರು.

೨೦೧೫ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ೧೮ರಿಂದ ೭೦ ವರ್ಷದೊಳಗಿನ, ಬ್ಯಾಂಕಿನಲ್ಲಾಗಲಿ ಅಂಚೆ ಕಚೇರಿಯಲ್ಲಾಗಲಿ ಉಳಿತಾಯ ಖಾತೆಯುಳ್ಳ ಯಾರಾದರೂ ಸೇರಬಹುದು. ಮೊದಲು ವರ್ಷಕ್ಕೆ ೧೨ ರೂಪಾಯಿದ್ದ ವಿಮೆಯ ಹಣವು ೨೦೨೨ರ ಜೂನ್ ೧ರಿಂದ ೨೦ ರೂಪಾಯಾಗಿದೆ. ಅಪಘಾತದಿಂದ ಮರಣವಾದರೆ, ಅಥವಾ ಎರಡು ಕಣ್ಣು, ಎರಡು ಕೈ, ಎರಡು ಕಾಲು, ಇಲ್ಲವೆ ಒಂದು ಕಣ್ಣಿನೊಡನೆ ಒಂದು ಕೈ ಅಥವಾ ಕಾಲು ಶಾಶ್ವತವಾಗಿ ನಷ್ಟವಾದರೆ ೨ ಲಕ್ಷ ರೂಪಾಯಿ. ಒಂದು ಕಣ್ಣು ಅಥವಾ ಒಂದು ಕೈ ಅಥವಾ ಒಂದು ಕಾಲು ನಷ್ಟವಾದರೆ ೧ ಲಕ್ಷ ರೂಪಾಯಿ ಸಲ್ಲುತ್ತದೆ.

ಇಲ್ಲಿ ಎರಡು ಅಂಶಗಳನ್ನು ನೆನಪಿಡಬೇಕು. ಮೊದಲನೆಯದಾಗಿ, ವಿಮೆಯ ವರ್ಷವು ಜೂನ್ ೧ರಿಂದ ಮೇ ೩೧ರವರೆಗೆ. ರೋಹಿಣಿ ಮಳೆಯ ಸುಮಾರಿನಲ್ಲಿ, ಬಿತ್ತನೆಯ ಬೀಜಕ್ಕೂ ಗೊಬ್ಬರಕ್ಕೂ ಖಾತೆಯಲ್ಲಿದ್ದ ಹಣವೆಲ್ಲ ಖರ್ಚಾಗಿರುವ ಕಾಲದಲ್ಲಿಯೇ, ಬ್ಯಾಂಕಿನವರು ೨೦ ರೂಪಾಯಿಯನ್ನು ಮುರಿದುಕೊಳ್ಳುತ್ತಾರೆ. ಅಷ್ಟು ಹಣ ಖಾತೆಯಲ್ಲಿಲ್ಲದಿದ್ದರೆ ವಿಮೆ ನಿಂತುಹೋಗುತ್ತದೆ. ಎರಡನೆಯದಾಗಿ, ಹಾವು ಕಚ್ಚಿದಾಗ ಅಥವಾ ಮರದಿಂದ ಬಿದ್ದಾಗ ಕೂಡಲೇ ಆಸ್ಪತ್ರೆಗೆ ಒಯ್ದು ಕಾರಣವನ್ನು ಅಲ್ಲಿ ಬರೆಯಿಸಬೇಕು. ನಾಟಿ ಮದ್ದಿನಲ್ಲಿ ಕಾಲ ಕಳೆದರೆ ಪ್ರಾಣವೂ ಹೋಗುವುದು, ಆಸ್ಪತ್ರೆಯ ದಾಖಲೆಯಿಲ್ಲದೆ ವಿಮೆಯೂ ತಪ್ಪುವುದು. ಸಮಾಚಾರವನ್ನು ೩೦ ದಿನಗಳೊಳಗಾಗಿ ಬ್ಯಾಂಕಿಗೆ ತಿಳಿಸುವುದು ಲೇಸು.

೫. ಯಂತ್ರದ ಯಜಮಾನನ ಹೊಣೆ

ಭೂಮಾಲೀಕರು ಇದೊಂದನ್ನು ಮರೆಯಕೂಡದು. ಕೂಲಿಯವನಿಗೆ ಸರ್ಕಾರದ ಪಿಂಚಣಿ ಬಂದ ಮಾತ್ರಕ್ಕೆ ಕೆಲಸಕ್ಕಿಟ್ಟವನ ಹೊಣೆ ತೀರುವುದಿಲ್ಲ. ಕೆಲಸದಲ್ಲಿ ಪೆಟ್ಟಾದವನಿಗೆ ಕೆಲಸ ಕೊಟ್ಟವನು ಪರಿಹಾರ ಕೊಡಬೇಕೆಂಬ ತತ್ತ್ವವು ೧೯೨೩ರ ಕಾಯಿದೆಯಿಂದ ಬಂದದ್ದು. ಟ್ರಾಕ್ಟರು ಮೊದಲಾದ ಯಂತ್ರಶಕ್ತಿಯಿಂದ ನಡೆಯುವ ಬೇಸಾಯವೂ ಅದರಲ್ಲಿ ಸೇರಿತ್ತು. ೨೦೨೦ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಈ ತತ್ತ್ವವನ್ನು ಉಳಿಸಿಕೊಂಡಿದ್ದಾರೆ. ಒಕ್ಕಣೆಯ ಯಂತ್ರಗಳಿಂದಾಗುವ ಅಪಾಯಕ್ಕಾಗಿಯೇ ೧೯೮೩ರಲ್ಲಿ ಅಪಾಯಕಾರಿ ಯಂತ್ರಗಳ ಕಾಯಿದೆಯಾಯಿತು. ಆದ್ದರಿಂದ ಯಂತ್ರದ ಬಾಯಿಗೆ ಕಾವಲು ತಗಡನ್ನು ಹಾಕಿಸುವುದು, ಸಡಿಲವಾದ ಬಟ್ಟೆಯುಟ್ಟವರನ್ನು ತಿರುಗುವ ಪಟ್ಟಿಯ ಬಳಿ ಬಿಡದಿರುವುದು, ರಾತ್ರಿಯ ಒಕ್ಕಣೆಗೆ ಸಾಕಾದಷ್ಟು ಬೆಳಕಿಡುವುದು, ಇವು ದಯೆಯೂ ಹೌದು, ವಿವೇಕವೂ ಹೌದು.

೬. ಕಾಗದಪತ್ರಗಳು

ಅರ್ಹತೆಯಿದ್ದೂ ಪಿಂಚಣಿ ತಪ್ಪುವುದಕ್ಕೆ ಕಾಗದಪತ್ರಗಳ ದೋಷವೂ ಒಂದು ಕಾರಣ. ಪಹಣಿಯು ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿದ್ದರೆ ಉಳುವ ಮೊಮ್ಮಗನು ದಾಖಲೆಯ ದೃಷ್ಟಿಯಿಂದ ಭೂಮಿಯಿಲ್ಲದವನೇ. ಪೌತಿ ಖಾತೆಯನ್ನು ಕಾಲಕಾಲಕ್ಕೆ ಮಾಡಿಸಿಕೊಳ್ಳಬೇಕು. ಪಹಣಿಯಲ್ಲಿ ಒಂದು ಹೆಸರು, ಆಧಾರ್ ಚೀಟಿಯಲ್ಲಿ ಇನ್ನೊಂದು, ಬ್ಯಾಂಕಿನಲ್ಲಿ ಮತ್ತೊಂದು ಎಂಬಂತಿದ್ದರೆ ತಿದ್ದಿಸಬೇಕು. ಹುಟ್ಟಿದ ವರ್ಷವನ್ನು ಅಂದಾಜಿನಲ್ಲಿ ಬರೆಯಿಸಿದ್ದರೆ ಅದನ್ನು ಸರಿಪಡಿಸಲು ಅರವತ್ತರವರೆಗೆ ಕಾಯಬಾರದು. ನಾಮನಿರ್ದೇಶನವನ್ನು ತಪ್ಪದೆ ಮಾಡಿಸಬೇಕು.

೭. ಮುಖಂಡರು ಮಾಡತಕ್ಕದ್ದು

ಪ್ರತಿ ಗ್ರಾಮದ ಮುಖಂಡರು ಯುಗಾದಿಯ ಸುಮಾರಿನಲ್ಲಿ ಒಂದು ಪಟ್ಟಿಯನ್ನು ತಯಾರಿಸುವುದು ಒಳ್ಳೆಯದು. ಅದರಲ್ಲಿ ನಾಲ್ಕು ಅಂಕಣಗಳಿದ್ದರೆ ಸಾಕು: ಈ ವರ್ಷ ೬೦ ಅಥವಾ ೬೫ ತುಂಬುವವರು, ೩೫ರಿಂದ ೪೦ ವರ್ಷದೊಳಗಿದ್ದು ಇನ್ನೂ ಯಾವ ಪಿಂಚಣಿಗೂ ಸೇರದವರು, ಅಂಗವಿಕಲರಾಗಿದ್ದೂ ಗುರುತಿನ ಚೀಟಿಯಿಲ್ಲದವರು, ಮೇ ತಿಂಗಳಲ್ಲಿ ೨೦ ರೂಪಾಯಿಯ ವಿಮೆಯನ್ನು ಹೊಸದಾಗಿ ಮಾಡಿಸಬೇಕಾದವರು. ಎರಡನೆಯ ಅಂಕಣವನ್ನೇ ಮೊದಲು ನೋಡಬೇಕು. ಏಕೆಂದರೆ ಅವರ ಕಾಲವು ದಿನೇ ದಿನೇ ಸವೆಯುತ್ತಿದೆ. ಒಂದು ದಿನ ಕೂಲಿಯನ್ನು ಕಡಿಯದೆ ಇಂತಹವರನ್ನು ನಾಡ ಕಚೇರಿಗೋ ಸೇವಾ ಕೇಂದ್ರಕ್ಕೋ ಕಳುಹಿಸಿಕೊಡುವ ಭೂಮಾಲೀಕನು ಅವರಿಗೆ ಕೊಟ್ಟ ಆ ಒಂದು ದಿನದ ಬೆಲೆಯು, ಅವರ ಮುಪ್ಪಿನಲ್ಲಿ ತಿಂಗಳು ತಿಂಗಳಿಗೂ ಕಾಣಿಸುವುದು. ಓದು ಬಾರದವರಿಗೆ ಗ್ರಾಮ ಆಡಳಿತಾಧಿಕಾರಿಯ ಮುಂದೆ ಅರ್ಜಿಯನ್ನು ಓದಿ ಹೇಳಿಸಿ, ಒಪ್ಪಿದ ಮೇಲೆಯೇ ಹೆಬ್ಬೆಟ್ಟು ಹಾಕಿಸಬೇಕು. ಪಿಂಚಣಿ ಮಾಡಿಸಿಕೊಡುವೆನೆಂದು ಹಣ ಕೇಳುವ ಮಧ್ಯಸ್ಥರನ್ನು ಊರೊಳಗೆ ಸೇರಿಸಕೂಡದು.