ಮೇಸ್ತ್ರಿ ಕೈಕೊಟ್ಟ ಮೇಲೆ

ಮಳೆಗಾಲಕ್ಕೆ ಮೊದಲೇ ಇರಲಿ ಎಂದು ತಾರಸಿಗೆ ವಾಟರ್‌ಪ್ರೂಫಿಂಗ್ ಮಾಡಿಸಿದಿರಿ. ಮೊದಲ ಮಳೆಗೇ ಕೋಣೆ ತೊಟ್ಟಿಕ್ಕತೊಡಗಿತು. ಫೋನ್ ಮಾಡಿದರೆ ‘ನಾಳೆ ಬರ್ತೀನಿ ಸಾರ್’. ನಾಲ್ಕಾರು ನಾಳೆ ಕಳೆಯುವಷ್ಟರಲ್ಲಿ ಫೋನೇ ಸ್ವಿಚ್ ಆಫ್. ಆಗ ಸಿಟ್ಟಿಗೆದ್ದು ಇನ್ನೊಬ್ಬ ಮೇಸ್ತ್ರಿಯನ್ನು ಕರೆಸಿ ಎಲ್ಲವನ್ನೂ ಕೀಳಿಸಿಬಿಡುವವರೇ ಹೆಚ್ಚು. ಕಿತ್ತ ಗಾರೆಯ ಜೊತೆ ಸಾಕ್ಷ್ಯವೂ ಕಸದ ಗಾಡಿ ಹತ್ತುತ್ತದೆ.

ಕೀಳಿಸುವ ಮುನ್ನ ಫೋಟೊ, ವಿಡಿಯೊ ತೆಗೆದಿಡಿ. ಸಿವಿಲ್ ಎಂಜಿನಿಯರ್ ಒಬ್ಬರನ್ನು ಕರೆಸಿ, ಏನು ಕೆಟ್ಟಿದೆ, ಏಕೆ ಕೆಟ್ಟಿದೆ, ಸರಿಪಡಿಸಲು ಎಷ್ಟು ಬೇಕು ಎಂದು ಬರೆಸಿ ಸಹಿ ಹಾಕಿಸಿಕೊಳ್ಳಿ. ಅವರ ಫೀಸು ದಂಡ ಎನಿಸಬಹುದು. ಆದರೆ ‘ಕೆಲಸ ಸರಿಯಿಲ್ಲ’ ಎಂಬ ನಿಮ್ಮ ಮಾತಿಗೆ ತೂಕ ಬರುವುದು ಆ ವರದಿಯಿಂದ.

‘ಲೈಸೆನ್ಸೂ ಇಲ್ಲ, ಅಗ್ರಿಮೆಂಟೂ ಇಲ್ಲ, ಕೇಸು ನಿಲ್ಲುತ್ತಾ?’ ನಿಲ್ಲುತ್ತದೆ. ಲೋಕೋಪಯೋಗಿ ಇಲಾಖೆಯ ನೋಂದಣಿ ಬೇಕಾಗುವುದು ಸರ್ಕಾರಿ ಕಾಮಗಾರಿ ಹಿಡಿಯುವವರಿಗೆ. ನಿಮ್ಮ ಬಚ್ಚಲಿಗೆ ಟೈಲ್ಸ್ ಹಾಕಿದವರಿಗೆ ಅದಿಲ್ಲ ಎಂದು ನಿಮ್ಮ ಹಕ್ಕೇನೂ ಹೋಗದು. ಹಣ ಪಡೆದು ಕೆಲಸ ಮಾಡಿಕೊಟ್ಟರೆ ಗ್ರಾಹಕ ಕಾನೂನಿನ ಕಣ್ಣಿನಲ್ಲಿ ಅದು ಸೇವೆ. ಮನೆ ಕಟ್ಟಿಕೊಡುವುದೂ ಸೇವೆಯೇ ಎಂದು ಸುಪ್ರೀಂ ಕೋರ್ಟ್ 1993ರಲ್ಲೇ ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಹೇಳಿದೆ. ಬಾಯಿಮಾತಿನ ಒಪ್ಪಂದವೂ ಒಪ್ಪಂದವೇ. ಅದನ್ನು ತೋರಿಸಿಕೊಡಲು ವಾಟ್ಸ್‌ಆ್ಯಪ್ ಮಾತುಕತೆ, ಚೀಟಿಯಲ್ಲಿ ಗೀಚಿದ ಎಸ್ಟಿಮೇಟು, ಯುಪಿಐ ಪಾವತಿ ಇವೆಲ್ಲ ಬೇಕು. ಅಡ್ವಾನ್ಸ್ ನಗದಾಗಿ ಕೊಟ್ಟವರ ಪಾಡು ಕಷ್ಟ.

ಮೊದಲು ಹದಿನೈದು ದಿನದ ಗಡುವು ಹಾಕಿ ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಉತ್ತರ ಬಾರದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. ಕೊಟ್ಟ ಹಣ 50 ಲಕ್ಷ ರೂಪಾಯಿ ಮೀರಿರಬಾರದು. ಇಲ್ಲಿ ಲೆಕ್ಕ ನೀವು ಕೇಳುವ ಪರಿಹಾರದ್ದಲ್ಲ, ಕೊಟ್ಟ ಹಣದ್ದು. 5 ಲಕ್ಷದವರೆಗೆ ಶುಲ್ಕವೇ ಇಲ್ಲ. ಮೇಸ್ತ್ರಿ ಯಾವ ಊರಿನವರೇ ಆಗಲಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ವಕೀಲರು ಕಡ್ಡಾಯವಲ್ಲ. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು, ಸಲಹೆಗೆ 1915 ಸಹಾಯವಾಣಿ ಇದೆ. ಅವಧಿ ಎರಡು ವರ್ಷ. ‘ನಾಳೆ ಬರ್ತೀನಿ’ ಕೇಳುತ್ತ ಕೂತರೂ ಆ ಗಡಿಯಾರ ನಿಲ್ಲದು.

ರೇರಾಗೆ ಓಡಬೇಡಿ, ಅದು ನಿವೇಶನ, ಫ್ಲ್ಯಾಟ್ ಮಾರುವ ಬಿಲ್ಡರುಗಳ ಸಂಗತಿ. ಠಾಣೆಗೆ ಹೋದರೆ ‘ಇದು ಸಿವಿಲ್ ಮ್ಯಾಟರ್’ ಎನ್ನುತ್ತಾರೆ, ಬಹಳ ಸಲ ಅದು ಸರಿಯೂ ಹೌದು. ಕೆಟ್ಟ ಕೆಲಸವೆಲ್ಲ ಅಪರಾಧವಲ್ಲ. ಕೆಲಸ ಮಾಡುವ ಉದ್ದೇಶವೇ ಇಲ್ಲದೆ ಅಡ್ವಾನ್ಸ್ ಹೊಡೆದುಕೊಂಡು ಹೋಗಿದ್ದರೆ ಮಾತ್ರ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ ಬರುತ್ತದೆ.

ಆಯೋಗದ ಆದೇಶ ಪಾಲಿಸದವರಿಗೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಇಲ್ಲವೇ ಕನಿಷ್ಠ 25,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಆದರೆ ನೋಟಿಸು ತಲುಪಬೇಕಲ್ಲ? ಅಡ್ವಾನ್ಸ್ ಕೊಡುವ ದಿನವೇ ಮೇಸ್ತ್ರಿಯ ಪೂರ್ಣ ಹೆಸರು, ಮನೆ ವಿಳಾಸ ಬರೆಸಿಕೊಳ್ಳಿ. ‘ಗುಂಡಣ್ಣ ಟೈಲ್ಸ್’ ಎಂದು ಮೊಬೈಲಿನಲ್ಲಿ ಸೇವ್ ಮಾಡಿಕೊಂಡ ಹೆಸರಿಗೆ ಅಂಚೆಯವರು ಕಾಗದ ತಲುಪಿಸಲಾರರು.