ವಿನೋದದ ಪಂಥವೂ ಅತಿಚಾರವೇ
ಸಪ್ತವ್ಯಸನಗಳಲ್ಲಿ ಮೊದಲನೆಯದು ದ್ಯೂತ. ಉಬ್ರಾಣಿಯ ಸೀಮೆಯ ಶ್ರಾವಕ ಯುವಕನೊಬ್ಬನು ಅಷ್ಟಮಿಯ ಉಪವಾಸವಿದ್ದು, ಸಂಜೆ ಕ್ರಿಕೆಟ್ ಪಂದ್ಯದಲ್ಲಿ ಯಾರು ಗೆಲ್ಲುವರೆಂದು ಗೆಳೆಯರೊಡನೆ ಪಂಥ ಕಟ್ಟುತ್ತಾನೆಂದು ಭಾವಿಸೋಣ. ಹಣವಿಲ್ಲ, ಬರಿಯ ವಿನೋದವೆಂಬುದು ಅವನ ಸಮಾಧಾನ. 2025ರ ಕೇಂದ್ರ ಕಾಯಿದೆ ನಿಷೇಧಿಸಿದುದೂ ಹಣದ ಆನ್‌ಲೈನ್ ಆಟಗಳನ್ನಷ್ಟೆ. ಆದರೆ ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ, ದ್ಯೂತತ್ಯಾಗಿಗೆ ಮನೋವಿನೋದದ ಪಂಥವೂ ದೋಷವೆನ್ನುತ್ತಾರೆ. ಗೆದ್ದರೆ ಹರ್ಷ, ಸೋತರೆ ಅಮರ್ಷ. ಎರಡರಿಂದಲೂ ಕಷಾಯ, ಕಷಾಯದಿಂದ ಪಾಪಬಂಧ. ಕಷಾಯವನ್ನು ಕುಗ್ಗಿಸಲೆಂದೇ ಕೈಗೊಂಡ ಉಪವಾಸಕ್ಕೆ ಆಗ ಉಳಿಯುವುದು ಹಸಿವು ಮಾತ್ರ.

ಆಟವು ನಿಂದ್ಯವಲ್ಲ. ನೆರೆಯ ಭದ್ರಾವತಿಯಲ್ಲಿ ಜನಿಸಿದ ಜಿ. ಆರ್. ವಿಶ್ವನಾಥರು 1980ರ ಮುಂಬಯಿ ಟೆಸ್ಟಿನಲ್ಲಿ ನಾಯಕರಾಗಿದ್ದು, ಅಂಪೈರರು ಔಟೆಂದಿದ್ದ ಇಂಗ್ಲೆಂಡಿನ ಬಾಬ್ ಟೇಲರರನ್ನು ಮರಳಿ ಕರೆದರು. ಭಾರತವು ಹತ್ತು ವಿಕೆಟ್‌ಗಳಿಂದ ಸೋತಿತು. ಪಂಥ ಕಟ್ಟಿ ಕುಳಿತವನಿಗೆ ಆ ಸತ್ಯನಿಷ್ಠೆಯೂ ನಷ್ಟವಾಗಿಯೇ ತೋರುತ್ತದೆ.